ಕಿಶ್‌ಮಿಶ್ ಬಳ್ಳಿಗೆ ಜಾಮೀನು

ಸವೇಲಿ ಕುಜ್ಮಿಚ್‌ನ ಹೆಂಡತಿ ರೈಸಾ ಒಂದು ಲಾರಿ ಪೈನ್ ದಿಮ್ಮಿಗೆ ಹೇಳಿಬಿಟ್ಟಿದ್ದಳು. ಆ ಶನಿವಾರ ನಮ್ಮ ಸಾಲಿನಲ್ಲಿ ನಡೆದ ರಾದ್ಧಾಂತಕ್ಕೆಲ್ಲ ಕಾರಣ ಇಷ್ಟೇ.

"ಮಧ್ಯಾಹ್ನ ಮೂರಕ್ಕೆ ಲಾರಿ ಬರುತ್ತೆ," ಎಂದಳು, ಬೆಳಗಿನ ಗಂಜಿ ಬಡಿಸುತ್ತ. "ಬಾನ್ಯಾ ಏಳೋದು ಆ ಮೂಲೇಲೇ. ಅಷ್ಟರೊಳಗೆ ನಿನ್ನ ಬಳ್ಳಿ ಜಾಗ ಖಾಲಿ ಮಾಡಿರ್ಬೇಕು."

"ಹೂ ಬಿಟ್ಟಿದೆ ಕಣೆ ರೈಸಾ..."

"ಹೋದ ವರ್ಷಾನೂ ಬಿಟ್ಟಿತ್ತು. ಅದರ ಹಿಂದಿನ ವರ್ಷಾನೂ ಬಿಟ್ಟಿತ್ತು. ಹೂವು ನೋಡ್ಕೊಂಡು ಹೊಟ್ಟೆ ತುಂಬಿಸ್ಕೊಳ್ಳೋಕೆ ನಾನೇನು ಜೇನುಹುಳಾನಾ?"

ಅವಳದೂ ಅನ್ಯಾಯದ ಮಾತೇನಲ್ಲ. ಉಸ್ಸುರೀಸ್ಕ್ ಪಟ್ಟಣದ ಆಚೆ, ರೈಲು ಹಳಿಗೆ ಅಂಟಿಕೊಂಡಿರುವ ನಮ್ಮ ತೋಟದ ಸೊಸೈಟಿಯಲ್ಲಿ ಮೂರನೇ ಸಾಲು ಎಂದರೆ ಹದಿನೆಂಟು ಡಾಚಾ, ಪ್ರತಿಯೊಂದೂ ತೋಟದ ನಡುವಿನ ಪುಟ್ಟ ಮನೆ. ಹದಿನೇಳರಲ್ಲಿ ಬಾನ್ಯಾ ಇದೆ. ಕಲ್ಲು ಕಾಯಿಸಿ, ಮೇಲೆ ನೀರು ಚೆಲ್ಲಿ, ಹಬೆಯಲ್ಲಿ ಮೈ ಬೇಯಿಸಿಕೊಳ್ಳುವ ಆ ಮರದ ಗೂಡು ಇಲ್ಲದ್ದು ಇವರ ತೋಟ ಒಂದೇ. ಹನ್ನೊಂದು ವರ್ಷದಿಂದ ರೈಸಾ ಪ್ರತಿ ಶನಿವಾರ ಟವೆಲ್ಲು ಕಂಕುಳಲ್ಲಿಟ್ಟುಕೊಂಡು ಯಾರದಾದರೂ ಬಾಗಿಲಿಗೆ ಹೋಗಿ ನಿಲ್ಲಬೇಕು. ಅವರ ಹಬೆಯ ಜೊತೆಗೆ ಅವರ ಸೊಸೆಯ ಮೇಲಿನ ದೂರು, ಮೊಣಕಾಲಿನ ನೋವು ಎಲ್ಲವನ್ನೂ ಕೇಳಿಸಿಕೊಂಡು ಬರಬೇಕು. ಹೆಂಗಸಿಗೆ ಸಾಕಾಗಿತ್ತು.

ಆದರೆ ಸವೇಲಿಗೆ ಆ ಬಳ್ಳಿ ಎಂದರೆ ಪ್ರಾಣ. ದೂರದ ರೈಲಿನಲ್ಲಿ ಮೂವತ್ತು ವರ್ಷ ಬೋಗಿ ನೋಡಿಕೊಂಡು, ಪ್ರಯಾಣಿಕರಿಗೆ ಹಾಸಿಗೆ ಹಾಸಿ, ಟೀ ಕೊಟ್ಟು, ಯಾರಿಗೂ ಒಂದು ದಿನ ಇಲ್ಲ ಎನ್ನದೆ ನಿವೃತ್ತನಾದ ಮನುಷ್ಯ ಅವನು. ತನ್ನದು ಅಂತ ಅವನು ಹಟ ಹಿಡಿದು ಮಾಡಿದ್ದು ಇದೊಂದೇ. ಏಳು ವರ್ಷದ ಹಿಂದೆ ಟೈಗಾ ಕಾಡಿನ ಇಳಿಜಾರಿನಲ್ಲಿ ಅಗೆದು, ಬೇರಿಗೆ ಒದ್ದೆ ಗೋಣಿ ಸುತ್ತಿ, ಬೆನ್ನ ಮೇಲೆ ಹೊತ್ತು ತಂದ ಕಿಶ್‌ಮಿಶ್ ಬಳ್ಳಿ. ಅಂಗಡಿಯಲ್ಲಿ ಸಿಗುವ ಕಿವೀ ಹಣ್ಣಿಗೆ ಕಾಡಿನಲ್ಲಿರುವ ತಮ್ಮ ಇದ್ದಹಾಗೆ ಇದರ ಹಣ್ಣು. ಹೆಬ್ಬೆರಳ ಗಾತ್ರ, ಮೈಮೇಲೆ ರೋಮವಿಲ್ಲ, ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಂಡರೆ ಜೇನು. ಕೊರೆಯುವ ಚಳಿಗೂ ಸಾಯುವುದಿಲ್ಲ. ತಂದ ದಿನ ಸೊಂಟ ಹಿಡಿದುಕೊಂಡು ಸವೇಲಿ ಮೂರು ವಾರ ಮಲಗಿದ್ದ. ಬಳ್ಳಿ ಮಾತ್ರ ಚಪ್ಪರ ತುಂಬ ಹಬ್ಬಿತು, ಬೇಲಿ ಏರಿತು, ಕಳೆದ ಮೂರು ವರ್ಷದಿಂದ ಜೂನ್ ಬಂತೆಂದರೆ ಮಲ್ಲಿಗೆಯಂಥ ಬಿಳಿ ಹೂ ಸುರಿಸಿತು. ಹೂವೆಲ್ಲ ಬಾಡಿ ಉದುರಿದ ಮೇಲೆ ಹಣ್ಣು ಮಾತ್ರ ಒಂದೂ ಇಲ್ಲ.

ಸಾಲಿನ ಉಳಿದ ಮನೆಗಳ ಕಿಶ್‌ಮಿಶ್ ಎಲ್ಲ ಹಣ್ಣು ಬಿಡುತ್ತಿತ್ತು. ಪಕ್ಕದ ತೋಟದ ಪ್ರೋಖೊರ್‌ಗೆ ಸೆಪ್ಟೆಂಬರ್‌ನಲ್ಲಿ ಆರು ಬಕೆಟ್ ಹಣ್ಣು. "ಗುಟ್ಟು ಏನಿಲ್ಲ ಕಣಯ್ಯ, ಬುಡಕ್ಕೆ ಮೀನಿನ ತಲೆ ಹೂಳ್ಬೇಕು," ಎನ್ನುತ್ತಿದ್ದ ಪ್ರೋಖೊರ್. ಸವೇಲಿ ಹೂಳಿದ. ಊರ ಬೆಕ್ಕೆಲ್ಲ ಬಂದು ಅಗೆದು ತಿಂದುಹೋದವು. ಸೊಸೈಟಿಯ ಅಧ್ಯಕ್ಷೆ ಕ್ಲಾವ್ದಿಯಾ ಯೆಗೊರೊವ್ನಾ ಬೂದಿ ಹಾಕಿ ಎಂದರು, ಹಾಕಿದ. ಇನ್ಯಾರೋ ಬಳ್ಳಿಗೆ ಬೈಯಬೇಕು ಎಂದರು. ಮೂವತ್ತು ವರ್ಷ ಯಾರಿಗೂ ಬೈಯದವನು ಬೈಗುಳ ಹುಡುಕುವಷ್ಟರಲ್ಲಿ ಹೂ ಉದುರಿಹೋಯಿತು.

ಆ ಬೆಳಗ್ಗೆ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಸವೇಲಿ ತನ್ನ ಕೊನೆಯ ಅಸ್ತ್ರ ತೆಗೆದ.

"ನಿಮ್ಮಜ್ಜಿ ಕಾಲದ ಪದ್ಧತಿ ಇದೆಯಲ್ಲ ರೈಸಾ, ಕೊಡಲಿ ತೋರ್ಸೋದು. ಅದನ್ನೊಂದು ಮಾಡಿಬಿಡೋಣ. ಯಾರಾದ್ರೂ ಜಾಮೀನು ನಿಂತ್ರೆ ಒಂದು ವರ್ಷ ಬಿಡ್ಬೇಕು. ಇಲ್ದಿದ್ರೆ ನಾನೇ ಕಡಿದು ಹಾಕ್ತೀನಿ."

ಕಾಯಿ ಬಿಡದ ಮರಕ್ಕೆ ಕೊಡಲಿ ತೋರಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ನಮ್ಮ ಮುತ್ತಜ್ಜಂದಿರು ಉಕ್ರೇನಿನಿಂದ ಹಡಗೇರಿ ಈ ಪೂರ್ವದ ತುದಿಗೆ ಬಂದಾಗ ಬಿತ್ತನೆಯ ಚೀಲ, ದೇವರ ಪಟದ ಜೊತೆಗೆ ಇದನ್ನೂ ತಂದಿದ್ದರು. ಮರದ ಯಜಮಾನ ಕೊಡಲಿ ಎತ್ತಿ, "ಕಾಯಿ ಬಿಡ್ತೀಯೋ, ಕಡಿದುಬಿಡ್ಲೋ?" ಎಂದು ಮೂರು ಸಲ ಗದರಿಸಬೇಕು. ಬೇರೆ ಮನೆಯವನೊಬ್ಬ ಅಡ್ಡ ಬಂದು, "ಬೇಡ, ಕಡೀಬೇಡ, ಬರೋ ವರ್ಷ ಬಿಡುತ್ತೆ, ನಾನು ಜಾಮೀನು," ಎಂದು ಮೂರು ಸಲ ಬೇಡಿಕೊಳ್ಳಬೇಕು. ಹಾಗೆ ಬೇಡಿಕೊಂಡ ಮೇಲೆ ಮುಂದಿನ ಫಸಲಿನವರೆಗೆ ಆ ಮರಕ್ಕೆ ಕೊಡಲಿ ಮುಟ್ಟಿಸುವಂತಿಲ್ಲ. ಮಾಡುವುದು ಕ್ರಿಸ್‌ಮಸ್ ಹಿಂದಿನ ದಿನ, ಮೊಣಕಾಲುದ್ದ ಹಿಮದಲ್ಲಿ, ಸೇಬು ಪೇರು ಮರಗಳಿಗೆ. ಜೂನ್ ತಿಂಗಳಲ್ಲಿ ಬಳ್ಳಿಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

ಅಜ್ಜಿಯ ಹೆಸರು ಎತ್ತಿದರೆ ರೈಸಾ ಎದುರಾಡುವವಳಲ್ಲ. "ಆಗ್ಲಿ," ಎಂದಳು. "ಜಾಮೀನು ನಿಲ್ಲೋರು ಸಿಕ್ರೆ ಲಾರಿ ವಾಪಸ್ ಕಳಿಸ್ತೀನಿ. ಆದ್ರೆ ನಾನಂತೂ ನಿಲ್ಲಲ್ಲ."

ಸವೇಲಿ ಒಳಗೊಳಗೇ ನಕ್ಕ. ಹಿಂದಿನ ಸಂಜೆಯೇ ಪ್ರೋಖೊರ್‌ಗೆ ಅರ್ಧ ಬಾಟಲಿ ಪ್ಲಮ್ ಮದ್ಯ ಕುಡಿಸಿ ಮಾತು ತೆಗೆದುಕೊಂಡಿದ್ದ. "ನಿನ್ನ ಬಳ್ಳಿಗೆ ನಾನಲ್ದೆ ಇನ್ಯಾರಯ್ಯ ಜಾಮೀನು?" ಎಂದು ಪ್ರೋಖೊರ್ ಕಣ್ಣೀರು ಹಾಕಿಕೊಂಡಿದ್ದ ಕೂಡ.

ಹತ್ತು ಗಂಟೆಗೆ ಸವೇಲಿ ಕೊಡಲಿ ಹಿಡಿದು ಬಳ್ಳಿಯ ಮುಂದೆ ನಿಂತ. ರೈಸಾ ಆಲೂಗಡ್ಡೆ ಸುಲಿಯುತ್ತ ಮೆಟ್ಟಿಲ ಮೇಲೆ ಕೂತಳು. ಬೇಲಿಯಾಚೆ ಪ್ರೋಖೊರ್ ತನ್ನ ಟೊಮೇಟೊ ಗಿಡಗಳ ನಡುವೆ ಬಗ್ಗಿದ್ದ.

"ಕಾಯಿ ಬಿಡ್ತೀಯೋ," ಎಂದು ಸವೇಲಿ ಪ್ರೋಖೊರ್‌ಗೆ ಕೇಳುವಷ್ಟು ಜೋರಾಗಿ ಕೂಗಿದ, "ಕಡಿದುಬಿಡ್ಲೋ?"

ಪ್ರೋಖೊರ್ ತಲೆಯೆತ್ತಿದ. ಬಳ್ಳಿ ನೋಡಿದ. ಬಳ್ಳಿಯ ನೆರಳು ಬಿದ್ದು ಬಿಳಿಚಿಕೊಂಡ ತನ್ನ ಟೊಮೇಟೊ ನೋಡಿದ. ರಾತ್ರಿಯ ಪ್ಲಮ್ ಮದ್ಯ ಇಳಿದುಹೋಗಿತ್ತು.

"ಕಡಿ!" ಎಂದ.

ಸವೇಲಿಯ ಕೈ ಮೇಲೇ ನಿಂತಿತು. "ಏನಂದೆ?"

"ಕಡಿ ಅಂದೆ. ಯೋಚನೆ ಮಾಡ್ಬೇಡ ಕುಜ್ಮಿಚ್, ಒಂದೇ ಏಟು. ನನ್ನ ಟೊಮೇಟೊ ಬಿಸಿಲು ಕಂಡು ಎರಡು ವರ್ಷ ಆಯ್ತು."

"ನಿನ್ನೆ ನೀನು..."

"ನಿನ್ನೆ ಸಂಜೆ ಬಿಸಿಲೇ ಇರ್ಲಿಲ್ವಲ್ಲಯ್ಯ, ನೆರಳು ಎಲ್ಲಿ ಗೊತ್ತಾಗುತ್ತೆ?"

ಸವೇಲಿ ಎರಡನೇ ಸಲ ಗದರಿಸಿದ. ಈ ಸಲ ಧ್ವನಿಯಲ್ಲಿ ಗದರಿಕೆಗಿಂತ ಬೇಡಿಕೆಯೇ ಹೆಚ್ಚಿತ್ತು. ಅದು ಕೇಳಿ ಎದುರು ತೋಟದವರು ಬಂದರು. ಅವರು ಬಂದದ್ದು ನೋಡಿ ಉಳಿದವರು ಬಂದರು. ನಮ್ಮ ಸಾಲಿನಲ್ಲಿ ಯಾರಾದರೂ ಕೊಡಲಿ ಎತ್ತಿದರೆ ಕಳೆ ಕೀಳುತ್ತ ಕೂರುವಷ್ಟು ಕಲ್ಲುಹೃದಯ ಯಾರಿಗೂ ಇಲ್ಲ. ಕಾಲು ಗಂಟೆಯಲ್ಲಿ ಬೇಲಿಯ ಉದ್ದಕ್ಕೂ ತಲೆಗಳು. ನಾನೂ ಇದ್ದೆ.

"ಅಷ್ಟು ಮೇಲೆ ಅಲ್ಲ, ಬುಡಕ್ಕೆ ಕೊಡ್ಬೇಕು," ಎಂದಿತು ಒಂದು ತಲೆ.

"ಕೊಡಲಿ ಮೊಂಡಾಗಿದೆ. ನಮ್ಮದು ತರ್ಲಾ?"

"ನಂದೂ ಹಿಂಗೇ ಇತ್ತು, ಕಾಯಿ ಕಚ್ತಾನೇ ಇರ್ಲಿಲ್ಲ. ಕಡಿದು ಹಾಕ್ದೆ, ಆ ಜಾಗದಲ್ಲಿ ಈಗ ಮೂಲಂಗಿ ಎಷ್ಟು ಚೆನ್ನಾಗಿ ಬರ್ತಾ ಇದೆ ಗೊತ್ತಾ?"

"ನಾವೂ ಎರಡು ಕಡಿದ್ವಿ. ದಂಡಪಿಂಡ ಸಾಕ್ಕೊಂಡು ಏನ್ ಮಾಡೋದು?"

ಜಾಮೀನು ನಿಲ್ಲುವ ಬಾಯಿ ಒಂದೂ ಇಲ್ಲ. ಸವೇಲಿ ಕೊಡಲಿಯ ಹಿಡಿ ಬದಲಿಸಿದ. ಇಳಿಸೋಣವೆಂದರೆ ಮಾತು ತಪ್ಪಿದಂತೆ, ಹೊಡೆಯೋಣವೆಂದರೆ ಹೊಟ್ಟೆ ಉರಿಯುತ್ತದೆ. ಒಂದು ಹೂ ಉದುರಿ ಅವನ ಮೂಗಿನ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳುವುದಕ್ಕೂ ಕೈ ಬಿಡುವಿರಲಿಲ್ಲ. ನಿಜಕ್ಕೂ ಅವನ ಕಣ್ಣು ತುಂಬಿತ್ತು, ನೋಡಿದ ನನಗೇ ಪಾಪ ಅನ್ನಿಸಿತು. ಆದರೂ ಬಾಯಿ ಬಿಡಲಿಲ್ಲ. ನನ್ನ ತೋಟದ ಕಡೆಗೂ ಸ್ವಲ್ಪ ನೆರಳು ಬರುತ್ತಿತ್ತು.

"ಕಾಯಿ ಬಿಡ್ತೀಯೋ..." ಎಂದು ಮೂರನೇ ಸಲ ಶುರುಮಾಡುವಷ್ಟರಲ್ಲಿ ಗೇಟು ಕಿರ್ರೆಂದಿತು.

"ಏನಿದು ಗುಂಪು? ನನ್ನ ಅನುಮತಿ ಇಲ್ದೆ ಸಭೆ ಕರೆದೋರು ಯಾರು?" ಅಧ್ಯಕ್ಷೆ ಕ್ಲಾವ್ದಿಯಾ ಯೆಗೊರೊವ್ನಾ ಒಳಗೆ ಬಂದರು. ಹಿಂದೆಯೇ ಅವರ ಅಕ್ಕ ಲುಕೇರ್ಯಾ, ಕೈಯಲ್ಲಿ ಸ್ಟ್ರಾಬೆರಿ ಬುಟ್ಟಿ. ಸಸಿಗಳ ಫಾರ್ಮಿನಲ್ಲಿ ಮೂವತ್ತೈದು ವರ್ಷ ಕಳೆದ ಹೆಂಗಸು, ತಂಗಿಯ ತೋಟಕ್ಕೆ ಒಂದು ದಿನಕ್ಕೆಂದು ಬಂದಿದ್ದಳು.

ಲುಕೇರ್ಯಾ ಯಾರನ್ನೂ ಮಾತಾಡಿಸಲಿಲ್ಲ. ನೇರವಾಗಿ ಹೋಗಿ ಸವೇಲಿಯ ಮೂಗಿನ ಮೇಲಿದ್ದ ಹೂ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ದಳ ಬಿಡಿಸಿದಳು.

"ಇದನ್ನ ಯಾಕಪ್ಪಾ ಗದರಿಸ್ತಾ ಇದ್ದೀಯ?"

"ಕಾಯಿ ಬಿಡಲ್ಲಮ್ಮ."

"ನಿನಗೆ ಮಕ್ಕಳು ಹುಟ್ಟಿದಾಗ ಹೆತ್ತೋರು ಯಾರು, ನೀನಾ?"

ಬೇಲಿಯ ಮೇಲಿನ ತಲೆಗಳು ಒಂದು ಗೇಣು ಮುಂದೆ ಬಂದವು.

"ಇದು ಗಂಡು," ಎಂದಳು ಲುಕೇರ್ಯಾ. "ನೋಡಿ ಇಲ್ಲಿ, ಬರೀ ಕಪ್ಪು ತುದಿಯ ಎಳೆಗಳು, ಪುಡಿ ತುಂಬಿವೆ. ನಡುವೆ ಕಾಯಾಗೋ ಗುಂಡು ಎಲ್ಲಿದೆ? ಕಿಶ್‌ಮಿಶ್‌ನಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಗಂಡು ಹತ್ರ ಇಲ್ದಿದ್ರೆ ಹೆಣ್ಣಿಗೆ ಕಾಯಿ ಕಚ್ಚಲ್ಲ. ಈ ಸಾಲಲ್ಲಿ ಇನ್ನೆಲ್ಲಿದೆ ಗಂಡು?"

ಮೂಲಂಗಿಯವರು ನೆಲ ನೋಡಿದರು.

"ಕಾಯಿ ಬಿಡದ್ದನ್ನೆಲ್ಲ ನಾವು..." ಎಂದು ಎದುರು ತೋಟದವನು ಅರ್ಧಕ್ಕೆ ನಿಲ್ಲಿಸಿದ.

"ಕಡಿದು ಹಾಕಿದ್ರಿ," ಎಂದಳು ಲುಕೇರ್ಯಾ. "ಇದ್ದ ಗಂಡುಗಳನ್ನೆಲ್ಲ ನಿಮ್ಮ ಕೈಯಾರ ಮುಗಿಸಿದ್ರಿ. ಈಗ ಇರೋದು ಇದೊಂದೇ. ನಿಮ್ಮ ಹಣ್ಣೆಲ್ಲ ಇದರ ಉಪಕಾರ. ನಿಮ್ಮ ಬಳ್ಳಿ ಚೆನ್ನಾಗಿ ಬಿಡೋಕೆ ಶುರುವಾಗಿ ಎಷ್ಟು ವರ್ಷ ಆಯ್ತು?"

"ಮೂರು," ಎಂದ ಪ್ರೋಖೊರ್ ಸಣ್ಣ ಧ್ವನಿಯಲ್ಲಿ. "ಮೀನಿನ ತಲೆ ಹಾಕೋಕೆ ಶುರುಮಾಡಿದ ಮೇಲೆ."

"ಮೀನಿನ ತಲೆ ಅಲ್ಲಪ್ಪಾ. ಈ ಬಳ್ಳಿ ಹೂ ಬಿಡೋಕೆ ಶುರುಮಾಡಿದ ಮೇಲೆ."

ಸವೇಲಿ ಇನ್ನೂ ಕೊಡಲಿ ಎತ್ತಿಯೇ ನಿಂತಿದ್ದ. ಇಳಿಸಬೇಕೆಂಬುದು ಮರೆತಿತ್ತೋ, ಸಂತೋಷಕ್ಕೆ ಮೈ ಮರಗಟ್ಟಿತ್ತೋ, ಅಂತೂ ಕೊಡಲಿ ಒಂದು ಚೂರು ಅಲ್ಲಾಡಿತು.

"ಕಡೀಬೇಡ!" ಎಂದು ಪ್ರೋಖೊರ್ ಬೇಲಿ ಹಾರಿದ. ಅರವತ್ತಾರು ವರ್ಷದ ಮನುಷ್ಯ, ಪ್ಯಾಂಟು ಮೊಳೆಗೆ ಸಿಕ್ಕಿ ಹರಿಯಿತು, ಲೆಕ್ಕಿಸಲಿಲ್ಲ. "ಕಡೀಬೇಡ ಕುಜ್ಮಿಚ್, ನಾನು ಜಾಮೀನು!"

"ನಾನೂ ಜಾಮೀನು!"

"ನಮ್ಮನೆಯಿಂದ ಇಬ್ಬರೂ ಜಾಮೀನು!"

ಕ್ಲಾವ್ದಿಯಾ ಯೆಗೊರೊವ್ನಾ ಕೈಯೆತ್ತಿ, ಈ ಬಳ್ಳಿಗೆ ಕೊಡಲಿ ಮುಟ್ಟಿಸಕೂಡದೆಂದು ಸೊಸೈಟಿಯ ಪರವಾಗಿ ಅಲ್ಲೇ ನಿರ್ಣಯ ಮಾಡಿದರು. ಎಲ್ಲರೂ ಕೈಯೆತ್ತಿದರು. ಪದ್ಧತಿಯ ಪ್ರಕಾರ ಮೂರು ಸಲ ಸಾಕು. ಅವತ್ತು ಮೂವತ್ತು ಸಲವಾದರೂ ಆಗಿರಬೇಕು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಸವೇಲಿ ಗೆದ್ದಿದ್ದ. ಆದರೆ ಮೂವತ್ತು ವರ್ಷ ಬೇರೆಯವರ ಗಂಟೆಗೆ ಓಗೊಟ್ಟವನ ಮುಂದೆ ಹದಿನೇಳು ಮನೆಯವರು ಕೈ ಮುಗಿದು ನಿಂತರೆ ತಲೆ ನಿಲ್ಲುವುದು ಕಷ್ಟ. ಅವನು ಸ್ಟೂಲಿನ ಮೇಲೆ ಹತ್ತಿ ನಿಂತ.

"ಇಷ್ಟು ವರ್ಷ ಪುಕ್ಕಟೆ ಆಯ್ತು," ಎಂದ. ಧ್ವನಿ ಅವನದೇ ಎಂದು ನಮಗೆ ನಂಬಿಕೆಯಾಗಲಿಲ್ಲ. "ಇನ್ನು ಮೇಲೆ ಸೆಪ್ಟೆಂಬರ್‌ನಲ್ಲಿ ಮನೆಗೊಂದು ಬಕೆಟ್ ಹಣ್ಣು ನಮ್ಮನೆಗೆ. ತುಂಬಿದ ಬಕೆಟ್. ಆರಿಸಿದ ಹಣ್ಣು. ಮೇಲೆ ಎಲೆ ಮುಚ್ಚಿ ಮೋಸ ಮಾಡೋ ಹಾಗಿಲ್ಲ."

"ಹದಿನೇಳು ಬಕೆಟ್ ಏನ್ ಮಾಡ್ತೀಯೋ?" ಎಂದಿತು ಒಂದು ತಲೆ.

"ನನ್ನಿಷ್ಟ. ಇಲ್ಲಾಂದ್ರೆ ಕೊಡಲಿ ಇಲ್ಲೇ ಇದೆ."

"ಆಯ್ತಪ್ಪಾ, ಆಯ್ತು," ಎಂದರು ಎಲ್ಲರೂ, ಅಷ್ಟು ಬೇಗ ಒಪ್ಪಬಾರದಾಗಿತ್ತು ಎನ್ನಿಸುವಷ್ಟು ಬೇಗ. ರೈಸಾ ಮೆಟ್ಟಿಲಿಂದ ಎದ್ದಳು. ಆಲೂಗಡ್ಡೆ ಪಾತ್ರೆ ಕೆಳಗಿಟ್ಟು, "ಬನ್ನಿ ಲುಕೇರ್ಯಾ ಯೆಗೊರೊವ್ನಾ, ಟೀ ಕುಡಿಯೋಣ," ಎಂದು ಲುಕೇರ್ಯಾಳನ್ನು ಒಳಗೆ ಕರೆದುಕೊಂಡು ಹೋದಳು.

ಪ್ರೋಖೊರ್ ಸವೇಲಿಯ ಹೆಗಲ ಮೇಲೆ ಕೈ ಹಾಕಿ ತನ್ನ ಮನೆಗೆ ಕರೆದೊಯ್ದ. ಮೇಜಿನ ಮೇಲೆ ಉಪ್ಪು ಹಾಕಿದ ಮೀನು, ಎಳೆ ಸೌತೆ, ಹೊಗೆ ಕೊಟ್ಟ ಕೊಬ್ಬಿನ ಚೂರು, ಬಾವಿಯ ನೀರಿನಷ್ಟು ತಣ್ಣಗಿದ್ದ ಬಾಟಲಿ ಬಂತು. "ಗಂಡಿನ ಕಡೆಯವರು ನೀವು, ಮೊದಲು ನೀವು ತಗೊಳ್ಳಿ," ಎಂದು ಪ್ರೋಖೊರ್ ಬಹುವಚನದಲ್ಲೇ ಮಾತಾಡಿದ. ಸವೇಲಿ ತಾನು ಬಳ್ಳಿ ಅಗೆದ ದಿನದ ಕತೆ ಹೇಳಿದ. ಎರಡನೇ ಸಲ ಹೇಳುವಾಗ ಕಾಡಿಗೆ ಒಂದು ಕರಡಿ ಬಂದಿತ್ತು, ಮೂರನೇ ಸಲಕ್ಕೆ ಮರಿಗಳೂ ಇದ್ದವು. ಜೀವನದಲ್ಲಿ ಅಷ್ಟು ಹೊತ್ತು ಅವನ ಮಾತನ್ನು ಯಾರೂ ಕೇಳಿರಲಿಲ್ಲ.

ಮಧ್ಯೆ ಎರಡು ಸಲ ಪ್ರೋಖೊರ್, "ಟೊಮೇಟೊಗೆ ನೀರು ಬಿಟ್ಟು ಬರ್ತೀನಿ," ಎಂದು ಎದ್ದುಹೋಗಿ ಬಂದ.

ಮೂರು ಗಂಟೆಗೆ ಲಾರಿಯ ಹಾರ್ನ್ ಕೇಳಿಸಿತು. ಸವೇಲಿ ಮಹಾರಾಜನಂತೆ ಎದ್ದು, ವಾಪಸ್ ಕಳಿಸುವ ಗತ್ತಿನಲ್ಲಿ ತನ್ನ ತೋಟದೊಳಗೆ ಕಾಲಿಟ್ಟ.

ಚಪ್ಪರ ಇತ್ತು, ಬಳ್ಳಿ ಇರಲಿಲ್ಲ. ಚಪ್ಪರದ ಕೆಳಗೆ ಮೊಣಕಾಲೆತ್ತರದ ಒಂದು ಬೋಳು ಮೋಟು, ಅದರಲ್ಲಿ ಒಂದು ಎಲೆ ಕೂಡ ಇಲ್ಲ. ನೆಲದ ಮೇಲೆ ಬಿಳಿ ಹೂವಿನ ದಳಗಳು. ಪಕ್ಕದಲ್ಲಿ ಸವೇಲಿಯ ಕೊಡಲಿ ಅವನು ಒರಗಿಸಿದ್ದಲ್ಲೇ ಒರಗಿತ್ತು.

"ಯಾರು?" ಎಂದ.

"ಜಾಮೀನು ನಿಂತೋರು," ಎಂದಳು ರೈಸಾ ಮೆಟ್ಟಿಲ ಮೇಲಿಂದ. "ಲುಕೇರ್ಯಾ ಹೇಳಿದ್ಲು, ಈ ದಿನಗಳಲ್ಲಿ ಗೇಣುದ್ದ ಹಸಿರು ಕಡ್ಡಿ ಮರಳಲ್ಲಿ ಊರಿ, ಮೇಲೆ ಗಾಜಿನ ಜಾಡಿ ಕವುಚಿದ್ರೆ ಬೇರು ಬರುತ್ತಂತೆ. ನಾನು ಸುಮ್ನೆ ಒಂದು ಕಡ್ಡಿ ಕತ್ತರಿಸಿ, ಬೇಲಿ ಹತ್ರ ನಿಂತು ಎಲ್ಲರಿಗೂ ಕೇಳೋ ಹಾಗೆ ಅದನ್ನೇ ಹೇಳ್ದೆ. ಮನೇಲೇ ಗಂಡು ಇದ್ರೆ ವರ್ಷಕ್ಕೊಂದು ಬಕೆಟ್ ಯಾಕೆ ಕೊಡ್ಬೇಕು? ಸಾಲಲ್ಲಿ ನಿಂತ್ರು ಕಣೋ. ಒಂದು ಬೇರು ಬಿಡದಿದ್ರೆ ಇರ್ಲಿ ಅಂತ ನಾಲ್ಕು ನಾಲ್ಕು ತಗೊಂಡ್ರು. ಈ ವರ್ಷದ ಹೂವಿಗೆ ಪುಡಿ ಉದುರಿಸೋಕೆ ಅಂತ ಕೊಂಬೆ ಕೊಂಬೆ ಒಯ್ದ್ರು. ಏಣಿ ತಂದೋರೂ ಇದ್ರು. ಪ್ರೋಖೊರ್ ಎರಡು ಸಲ ಬಂದ."

ನಾನೂ ನಾಲ್ಕು ತೆಗೆದುಕೊಂಡಿದ್ದೆ. ಸುಳ್ಳೇಕೆ ಹೇಳಲಿ?

"ನಿನ್ನಜ್ಜಿ ಪದ್ಧತಿ..." ಎಂದ ಸವೇಲಿ.

"ಕೊಡಲಿ ಮುಟ್ಟಿಸ್ಬಾರ್ದು ಅನ್ನೋದು ತಾನೇ ಪದ್ಧತಿ? ಸೊಸೈಟಿ ನಿರ್ಣಯಾನೂ ಅದೇ. ನಾನು ಮುಟ್ಟಿಸಿದ್ದು ಗುಲಾಬಿ ಗಿಡ ಸವರೋ ಕತ್ತರಿ." ರೈಸಾ ಕೆಳಗಿಳಿದು ಬಂದು ಅವನ ಅಂಗಿಯ ಮೇಲಿದ್ದ ಸೌತೆ ಬೀಜ ಒರೆಸಿದಳು. "ಮುಖ ಇಳಿಬಿಡ್ಬೇಡ. ನಿಂಗೂ ಒಂದು ಇಟ್ಟಿದ್ದೀನಿ. ಎಲ್ಲಕ್ಕಿಂತ ಮೊದಲು ಕತ್ತರಿಸಿದ್ದು ಅದೇ."

ಮನೆಯ ಹಿಂಬದಿ, ಯಾರ ಟೊಮೇಟೊಗೂ ನೆರಳಾಗದ ಕಡೆ, ಮೂರು ಲೀಟರ್ ಜಾಡಿಯೊಂದು ಬೋರಲು ಬಿದ್ದಿತ್ತು. ಒಳಗೆ ಒಂದು ಕಡ್ಡಿ, ಎರಡು ಎಲೆ. ಸವೇಲಿ ಅದರ ಮುಂದೆ ಮಂಡಿಯೂರಿದ. ಸಿಟ್ಟು ಬರಬೇಕಾಗಿತ್ತು, ಬರುತ್ತಲೂ ಇತ್ತು, ಆದರೆ ಆ ಎರಡು ಎಲೆಗಳನ್ನು ನೋಡಿದ ಮೇಲೆ ಎಲ್ಲಿಗೋ ಹೋಯಿತು.

"ಎಲ್ಲಿ ಇಳಿಸ್ಬೇಕು?" ಎಂದು ಲಾರಿಯವನು ಕೂಗಿದ. ರೈಸಾ ಗಂಡನ ಮುಖ ನೋಡಿದಳು.

"ಆ ಮೂಲೇಲೇ ಇಳಿಸ್ರಪ್ಪಾ," ಎಂದ ಸವೇಲಿ.

ದಿಮ್ಮಿಗಳು ಧಡಧಡನೆ ಬಿದ್ದವು. ಮೋಟು ಅವುಗಳ ಅಡಿ ಕಾಣದಾಯಿತು. ಅಷ್ಟರಲ್ಲಿ ಲುಕೇರ್ಯಾ ನಾಲ್ಕರ ರೈಲಿಗೆಂದು ಬುಟ್ಟಿ ಹಿಡಿದು ಹೊರಟವಳು ಗೇಟಿನ ಬಳಿ ನಿಂತಳು. ಸಾಲಿನ ಉದ್ದಕ್ಕೂ ಪ್ರತಿ ತೋಟದಲ್ಲಿ ಬೋರಲು ಜಾಡಿಗಳು ಬಿಸಿಲಿಗೆ ಮಿನುಗುತ್ತಿದ್ದವು. ಪ್ರತಿ ಜಾಡಿಯ ಪಕ್ಕ ಒಬ್ಬೊಬ್ಬರು ತೃಪ್ತಿಯಿಂದ ಕೂತಿದ್ದರು.

"ಒಳ್ಳೇ ಕೆಲಸ," ಎಂದಳು. "ಬಳ್ಳಿ ಎಲ್ಲಿ?"

ಸವೇಲಿ ದಿಮ್ಮಿಯ ರಾಶಿ ತೋರಿಸಿದ.

"ಅಯ್ಯೋ ನಿಮ್ಮ! ದೊಡ್ಡದನ್ನ ಹಾಗೇ ಉಳಿಸ್ಕೊಂಡು ಕಡ್ಡಿ ತಗೊಳ್ಳಿ ಅಂದಿದ್ದು ನಾನು. ಈ ಕಡ್ಡಿಗಳು ಹೂ ಬಿಡೋಕೆ ಐದಾರು ವರ್ಷ ಬೇಕು. ಈ ಸೆಪ್ಟೆಂಬರ್ ಕಳೀತು ಅಂದ್ರೆ, ಅಲ್ಲೀವರೆಗೆ ಈ ಸಾಲಲ್ಲಿ ಒಬ್ರಿಗೂ ಒಂದು ಹಣ್ಣೂ ಇಲ್ಲ."

ಬೇಲಿಯಾಚೆ ಪ್ರೋಖೊರ್‌ನ ಕೈಯಿಂದ ನೀರಿನ ಡಬ್ಬ ಬಿತ್ತು. ಒಬ್ಬೊಬ್ಬರಾಗಿ ಜಾಡಿ ಬಿಟ್ಟು ಎದ್ದು ಬಂದು ನಾವೆಲ್ಲ ದಿಮ್ಮಿಯ ರಾಶಿಯ ಸುತ್ತ ನಿಂತೆವು. ಮೋಟು ಅಡಿಯಲ್ಲೆಲ್ಲೋ ಇತ್ತು. ಬೇಡಿಕೊಳ್ಳೋಣವೆಂದರೆ ಯಾರನ್ನು ಬೇಡಿಕೊಳ್ಳುವುದು?

ಸವೇಲಿ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡಿದ. ಮೂರು ವರ್ಷ ಈ ಸಾಲಿನಲ್ಲಿ ಹಣ್ಣಿಲ್ಲದವನು ಅವನೊಬ್ಬನೇ ಆಗಿದ್ದ. ಮೊದಲು ಅವನ ಮೀಸೆ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಒಂದು ದಿಮ್ಮಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

"ಬನ್ನಿ, ಕೂತ್ಕೊಳ್ಳಿ," ಎಂದು ಪಕ್ಕದ ದಿಮ್ಮಿ ತಟ್ಟಿದ. "ಮೊದಲ ವರ್ಷ ಮಾತ್ರ ಸ್ವಲ್ಪ ಬೇಜಾರಾಗುತ್ತೆ. ಆಮೇಲೆ ಅಭ್ಯಾಸ ಆಗಿಹೋಗುತ್ತೆ."